ದೊಡ್ಡ ಫೈಲು ದಾಟದ ರಾತ್ರಿ

ಗೋಕಾಕದ ಹತ್ತಿರದ ಲೋಳಸೂರು ಸೇತುವೆ ಮುಳುಗಿತು ಎಂಬ ಸುದ್ದಿ ಬಂದಾಗ ನಮ್ಮ ಸರ್ವರ್ ಇನ್ನೂ ನೆಲಮಹಡಿಯಲ್ಲೇ ಓಡುತ್ತಿತ್ತು.

2019ರ ಆಗಸ್ಟ್. ಹಿಡಕಲ್ ಜಲಾಶಯದಿಂದ ಬಿಟ್ಟ ನೀರಿಗೆ ಹಿರಣ್ಯಕೇಶಿ ಕೂಡಿಕೊಂಡಿತ್ತು, ಗೋಕಾಕದ ಹತ್ತಿರ ಮಾರ್ಕಂಡೇಯವೂ ಬಂದು ಸೇರಿತ್ತು. ದಂಡೆ ಮೀರಿದ ಘಟಪ್ರಭೆ ಪೇಟೆಯ ಓಣಿಗಳಿಗೆ ನುಗ್ಗಿದ್ದಳು. ಜನ ಗಂಟುಮೂಟೆ ಕಟ್ಟಿಕೊಂಡು, ಎಮ್ಮೆ ಹೊಡೆದುಕೊಂಡು ಎತ್ತರದ ಕಡೆ ಓಡುತ್ತಿದ್ದರು. ಕರೆಂಟ್ ಬೆಳಿಗ್ಗೆಯೇ ಹೋಗಿತ್ತು. ಒಂದು ಪತ್ತಿನ ಸಹಕಾರಿ ಸಂಘದ ಕಚೇರಿಯೊಳಗೆ ನಾವು ಮೂವರು, ಒಂದು ಟಾರ್ಚು, ಒಂದು ಯುಪಿಎಸ್. ಅದರ ಪರದೆ ಹೇಳುತ್ತಿದ್ದ ಪ್ರಕಾರ ಇನ್ನು ಮೂರು ತಾಸಿನ ಬ್ಯಾಟರಿ. ಆಗ ರಾತ್ರಿ ಒಂಬತ್ತು.

ಆ ಸಂಘಕ್ಕೆ ಗೋಕಾಕದಲ್ಲಿ ಮುಖ್ಯ ಕಚೇರಿ, ಮೂಡಲಗಿಯಲ್ಲೂ ಹುಕ್ಕೇರಿಯಲ್ಲೂ ಶಾಖೆ. ಮೂರೂ ಕಡೆಯ ಲೆಕ್ಕ ಇದ್ದದ್ದು ಈ ಒಂದೇ ಸರ್ವರಿನಲ್ಲಿ: ಪಿಗ್ಮಿ ಠೇವಣಿ, ಕಬ್ಬಿನ ಮೇಲಿನ ಸಾಲ, ಹೆಣ್ಣುಮಕ್ಕಳ ಸ್ವಸಹಾಯ ಗುಂಪುಗಳ ಉಳಿತಾಯ. ಇದು ಆರಿದರೆ ಎರಡೂ ಶಾಖೆಗಳು ಕುರುಡು. ಮನೆಮಠ ಬಿಟ್ಟು ಕಾಳಜಿ ಕೇಂದ್ರ ಸೇರಿದ ಮಂದಿ ಬೆಳಗಾದರೆ ಸ್ವಂತ ದುಡ್ಡು ಕೇಳಲು ಶಾಖೆಯ ಮುಂದೆ ನಿಲ್ಲುತ್ತಾರೆ. ಯಾರದು ಎಷ್ಟಿದೆ ಎಂದು ಹೇಳುವವರೇ ಇರುವುದಿಲ್ಲ.

ಸರ್ವರನ್ನು ಮೇಲಿನ ಮಹಡಿಗೆ ಹೊತ್ತೊಯ್ಯಬಹುದಿತ್ತು. ಆದರೆ ಹೊರಲು ಆರಿಸಬೇಕು, ಆರಿಸಿದರೆ ಮತ್ತೆ ಹೊತ್ತಿಸಲು ಕರೆಂಟ್ ಎಲ್ಲಿ? ಡಿಸ್ಕ್ ಬಿಚ್ಚಿ ಚೀಲಕ್ಕೆ ಹಾಕಿ ಬೈಕ್ ಹತ್ತೋಣವೆಂದರೆ ಹುಕ್ಕೇರಿಗೆ ಹೋಗುವ ದಾರಿಯೇ ನೀರಿನಡಿ. ಉಳಿದದ್ದು ಒಂದೇ: ಬ್ಯಾಟರಿ ಸಾಯುವ ಮೊದಲು ಇಡೀ ಡೇಟಾಬೇಸನ್ನು, ಸುಮಾರು ಆರು ಜಿಬಿ, ಹುಕ್ಕೇರಿ ಶಾಖೆಯ ಕಂಪ್ಯೂಟರಿಗೆ ದಾಟಿಸುವುದು.

ಹೊಳೆದಂಡೆಯ ಫೈಬರ್ ಕೇಬಲ್ ಮಧ್ಯಾಹ್ನವೇ ಹರಿದಿತ್ತು. ಗುಡ್ಡದ ಮೇಲಿನ ಟವರಿಗೆ ಇದ್ದ ರೇಡಿಯೊ ಲೈನು ಮಾತ್ರ ಜೀವ ಹಿಡಿದಿತ್ತು. ಪಿಂಗ್ ಹಾಕಿದೆ, ಹುಕ್ಕೇರಿ ಉತ್ತರ ಕೊಟ್ಟಿತು. ಲಾಗಿನ್ ಆಯಿತು. ಒಂದು ಪುಟ್ಟ ಫೈಲು ಕಳಿಸಿದೆ, ಕಣ್ಣು ಮಿಟುಕಿಸುವಷ್ಟರಲ್ಲಿ ತಲುಪಿತು. ದೊಡ್ಡ ಫೈಲಿಗೆ ಎಂಟರ್ ಒತ್ತಿದೆ. ಅಂಕಿ ಸರ್ರನೆ ಏರಿತು. ನಿಂತಿತು.

ಫೋನಿನಲ್ಲಿದ್ದ ಹುಕ್ಕೇರಿಯ ಹುಡುಗ ಕೂಗಿದ: "ಸರ, ಇಲ್ಲೇನೂ ಬರಾಕತ್ತಿಲ್ರಿ. ನಿಂತ ಬಿಟ್ಟೈತಿ."

ಮತ್ತೆ ಕಳಿಸಿದೆ. ಮತ್ತೆ ಅದೇ. ದೋಷದ ಸಂದೇಶವಿಲ್ಲ, ಸಂಪರ್ಕ ಕಡಿಯಲಿಲ್ಲ. ಹೋಗುವುದೂ ಇಲ್ಲ, ಸಾಯುವುದೂ ಇಲ್ಲ.

ನಡುವೆ ಇದ್ದದ್ದು ಫೈರ್‌ವಾಲ್, ಅದರೊಳಗೊಂದು ಪ್ರಾಕ್ಸಿ. ಹೊರಗೆ ಹೋಗುವ ಪ್ರತಿ ಫೈಲನ್ನೂ ಪ್ರಾಕ್ಸಿ ಮೊದಲು ತಾನು ಪಡೆಯುತ್ತದೆ, ಆಮೇಲೆ ತನ್ನದೇ ಬೇರೊಂದು ಸಂಪರ್ಕದಲ್ಲಿ ಆಚೆ ಕಳಿಸುತ್ತದೆ. ಅಂಕಿ ಸರ್ರನೆ ಏರಿದ ಗುಟ್ಟು ಅದೇ. ಪ್ರಾಕ್ಸಿ ತನ್ನ ಬಫರ್ ತುಂಬುವಷ್ಟು ನುಂಗಿತ್ತು, ಹೊರಗೆ ಹಾಕಲಾಗದೆ ನಿಂತಿತ್ತು.

ಮೊದಲ ಅನುಮಾನ ವೈರಸ್ ತಪಾಸಣೆಯ ಮೇಲೆ. ದೊಡ್ಡ ಫೈಲನ್ನು ಪೂರ್ತಿ ಕೂಡಿಟ್ಟುಕೊಂಡು ತಪಾಸಿಸುವ ಪ್ರಾಕ್ಸಿಗಳು ಡಿಸ್ಕ್ ತುಂಬಿ ಹೀಗೆ ಕೈಚೆಲ್ಲುವುದುಂಟು. ನೋಡಿದರೆ ಡಿಸ್ಕಿನಲ್ಲಿ ಬೇಕಾದಷ್ಟು ಜಾಗ. ಹುಕ್ಕೇರಿಯ ವಿಳಾಸವನ್ನು ತಪಾಸಣೆಯಿಂದ ಬಿಟ್ಟೆ. ಮತ್ತೆ ನಿಂತಿತು. ಟೈಮ್‌ಔಟ್ ಹೆಚ್ಚಿಸಿದೆ. ನಿಂತಿತು. ಸಂಘದ ಗುಮಾಸ್ತರು ಬಾಗಿಲ ಬಳಿ ಟಾರ್ಚು ಬಿಟ್ಟು ಹೇಳಿದರು: "ಎರಡನೇ ಪಾವಟಿಗಿ ಮುಳುಗೇತ್ರಿ." ಮೆಟ್ಟಿಲು ಇದ್ದದ್ದೇ ನಾಲ್ಕು.

ಊಹೆ ಬಿಟ್ಟು ತಂತಿಯ ಮೇಲೆ ನಡೆಯುವುದನ್ನೇ ಕಣ್ಣಾರೆ ನೋಡಬೇಕಿತ್ತು. ಫೈರ್‌ವಾಲಿನ ಹೊರಬಾಗಿಲಲ್ಲಿ ಟಿಸಿಪಿಡಂಪ್ ಹಚ್ಚಿ ಪ್ರಾಕ್ಸಿಯ ಸಂಪರ್ಕವನ್ನಷ್ಟೇ ಹಿಡಿದೆ. ಸಾಲುಗಳು ಮೂಡಿದವು. 1460 ಬೈಟಿನ ಒಂದು ತುಣುಕು ಹೊರಟಿತು. ಉತ್ತರವಿಲ್ಲ. ಅದೇ ತುಣುಕು, ಅದೇ ಕ್ರಮಸಂಖ್ಯೆ, ಮತ್ತೆ ಹೊರಟಿತು. ಒಂದು ಸೆಕೆಂಡ್ ಬಿಟ್ಟು, ಎರಡು ಬಿಟ್ಟು, ನಾಲ್ಕು ಬಿಟ್ಟು, ಎಂಟು ಬಿಟ್ಟು. ಪ್ರತಿ ಸಲ ಕಾಯುವ ಹೊತ್ತು ಇಮ್ಮಡಿ. ಟಿಸಿಪಿಯ ನಿಯಮವೇ ಅದು: ಉತ್ತರ ಬಾರದಿದ್ದರೆ ಇನ್ನಷ್ಟು ಕಾದು ಮತ್ತೆ ಕಳಿಸು. ಬ್ಯಾಟರಿ ಮಾತ್ರ ಕಾಯುತ್ತಿರಲಿಲ್ಲ.

ಚಿಕ್ಕದು ಹೋಗುತ್ತದೆ, ತುಂಬಿದ ತುಣುಕು ಹೋಗುವುದಿಲ್ಲ. ಅಂದರೆ ಅಳತೆಯದೇ ತಕರಾರು! ಒಡೆಯಬಾರದು ಎಂಬ ಗುರುತು ಹಾಕಿ 1472 ಬೈಟಿನ ಪಿಂಗ್ ಬಿಟ್ಟೆ. ಅದಕ್ಕೆ 28 ಬೈಟಿನ ಶಿರೋಭಾಗ ಸೇರಿದರೆ 1500, ಈಥರ್ನೆಟ್ಟಿನ ಮಾಮೂಲಿ ಮಿತಿ. ಮೌನ. 1400 ಬಿಟ್ಟೆ. ಮೌನ. 1372 ಬಿಟ್ಟೆ. ಉತ್ತರ ಬಂತು! ಒಂದೇ ಬೈಟ್ ಏರಿಸಿ 1373. ಮೌನ. ಗಡಿ ಸಿಕ್ಕಿತ್ತು. ರೇಡಿಯೊ ಲೈನು ಸುರಂಗದೊಳಗೆ, ಅಂದರೆ ವಿಪಿಎನ್ ಟನೆಲ್ಲಿನೊಳಗೆ ಹಾಯುತ್ತಿತ್ತು. ಆ ಹೊದಿಕೆಗೇ ನೂರು ಬೈಟ್ ಮೀಸಲಾಗಿ, ನಮಗೆ ಉಳಿದದ್ದು 1400.

ಮಿತಿ ಕಡಿಮೆಯಿದ್ದರೆ ಅಪಾಯವಿಲ್ಲ, ಮೌನವೇ ಅಪಾಯ. 1990ರಲ್ಲಿ ಜೆಫ್ರಿ ಮೊಗಲ್ ಮತ್ತು ಸ್ಟೀವ್ ಡೀರಿಂಗ್ ಬರೆದ ಇಂಟರ್ನೆಟ್ಟಿನ ತಾಂತ್ರಿಕ ದಾಖಲೆ ಆರ್‌ಎಫ್‌ಸಿ 1191 ಇಂಥ ಹೊತ್ತಿಗೆಂದೇ ದಾರಿ ಮಾಡಿಟ್ಟಿದೆ. ತುಣುಕು ಹಿಡಿಸದಿದ್ದರೆ ನಡುವಿನ ರೂಟರ್ ಅದನ್ನು ಬಿಸಾಕಿ, ಕಳಿಸಿದವನಿಗೆ ಐಸಿಎಂಪಿ ಸಂದೇಶ ಬರೆಯಬೇಕು: ಮಾದರಿ 3, ಸಂಕೇತ 4, ದೊಡ್ಡದಾಯಿತು, ಇಷ್ಟಕ್ಕೆ ಇಳಿಸು. ಮಿತಿಮೀರಿ ಹೇರಿದ ಕಬ್ಬಿನ ಟ್ರ್ಯಾಕ್ಟರು ತಗ್ಗು ಕಮಾನಿಗೆ ಬಂದಾಗ ಮುಂದೆ ನಿಂತವನು "ಹೇರು ಇಳಸ್ರೀ" ಎಂದು ಕೂಗಬೇಕಲ್ಲ, ಹಾಗೆ. ಆ ಕೂಗು ನಮಗೆ ಏಕೆ ಕೇಳಿಸಲಿಲ್ಲ?

ಟಿಸಿಪಿಡಂಪಿನ ಜರಡಿ ತೆಗೆದು ಐಸಿಎಂಪಿಯನ್ನೂ ಸೇರಿಸಿದೆ. ಪರದೆಯ ಮೇಲೆ ಅದು ಕಣ್ಣಿಗೆ ರಾಚಿತು. 1460ರ ತುಣುಕು ಹೊರಟ ಬೆನ್ನಿಗೇ ಟವರಿನ ರೂಟರಿನಿಂದ ಸಾಲು ಬರುತ್ತಿತ್ತು: ನೀಡ್ ಟು ಫ್ರ್ಯಾಗ್, ಎಂಟಿಯು 1400, ಅಂದರೆ ಒಡೆಯಬೇಕು, ಹಿಡಿಸುವ ಅಳತೆ 1400. ಪ್ರತಿ ಸಲವೂ ಬರುತ್ತಿತ್ತು! ರೂಟರ್ ಕೂಗುತ್ತಲೇ ಇತ್ತು. ಫೈರ್‌ವಾಲಿನ ನಿಯಮಪಟ್ಟಿ ತೆಗೆದೆ. ಪಿಂಗ್ ಉತ್ತರಕ್ಕೆ ಒಪ್ಪಿಗೆ, ಅದರ ಕೆಳಗೆ ಇನ್ನೊಂದು ಸಾಲು: ಉಳಿದ ಐಸಿಎಂಪಿ ಎಲ್ಲವೂ ತಡೆ. ಆ ಸಾಲಿನ ಮುಂದಿನ ಎಣಿಕೆ ನನ್ನ ಕಣ್ಣೆದುರೇ ಒಂದೊಂದಾಗಿ ಏರುತ್ತಿತ್ತು. ಸುರಕ್ಷತೆಯ ಹೆಸರಿನಲ್ಲಿ ಯಾವತ್ತೋ ಬರೆದಿಟ್ಟ ಸಾಲು. ಫೈಬರ್ ಇದ್ದಷ್ಟು ದಿನ 1500 ಸಲೀಸಾಗಿ ಹಾಯುತ್ತಿತ್ತು, ಯಾರಿಗೂ ತಟ್ಟಲಿಲ್ಲ. ಹೊಳೆ ಫೈಬರನ್ನು ಕಿತ್ತಾಗ ಆ ಸಾಲು ಕೊರಳಿಗೆ ಬಂತು.

ಹತ್ತೂಕಾಲು. ಮೂರನೇ ಪಾವಟಿಗೆ ಮುಳುಗಿತ್ತು.

ತಡೆಯ ಮೇಲ್ಗಡೆ ಹೊಸ ನಿಯಮ ಸೇರಿಸಿದೆ: ಮಾದರಿ 3, ಸಂಕೇತ 4 ಒಳಗೆ ಬರಲಿ. ಅದರ ಜೊತೆಗೆ ಎಂಎಸ್ಎಸ್, ಅಂದರೆ ಒಂದು ತುಣುಕು ಹೊರುವ ಡೇಟಾದ ಮಿತಿಯನ್ನು 1360ಕ್ಕೆ ಬಿಗಿದೆ. 1400ರಲ್ಲಿ ಐಪಿಗೆ 20, ಟಿಸಿಪಿಗೆ 20 ಕಳೆದರೆ ಉಳಿಯುವುದು ಅಷ್ಟೇ. ಸಂಪರ್ಕದ ಮೊದಲ ಮಾತಿನಲ್ಲೇ ಎರಡೂ ತುದಿ ಈ ಅಳತೆಗೆ ಒಪ್ಪಿಕೊಂಡರೆ ಮುಂದೆ ತಕರಾರೇ ಹುಟ್ಟುವುದಿಲ್ಲ. ಹಳೆಯ ಸಂಪರ್ಕ ಕೊಂದು ಹೊಸದಾಗಿ ಎಂಟರ್ ಒತ್ತಿದೆ.

ಅಂಕಿ ಏರಿತು. ಉಸಿರು ಬಿಗಿಹಿಡಿದೆವು. ಹಿಂದೆ ನಿಂತ ಜಾಗ ದಾಟಿತು! ಫೋನಿನಲ್ಲಿ ಹುಡುಗನ ದನಿ ಒಡೆಯಿತು: "ಹೊಂಟೈತ್ರಿ ಸರ! ಬರಾಕತ್ತೈತಿ!"

ಲೈನಿನ ವೇಗ ಸೆಕೆಂಡಿಗೆ ಒಂದು ಎಂಬಿ. ಆರು ಜಿಬಿಗೆ ನೂರು ನಿಮಿಷದ ಮೇಲೆ ಬೇಕು. ಯುಪಿಎಸ್ಸಿನಲ್ಲಿ ಉಳಿದದ್ದೂ ಹೆಚ್ಚುಕಡಿಮೆ ಅಷ್ಟೇ. ಪರದೆಗಳನ್ನು ಆರಿಸಿದೆವು, ಬೇಡದ ಸ್ವಿಚ್ ಕಿತ್ತೆವು, ಫ್ಯಾನ್ ಬಂದ್. ಕತ್ತಲಲ್ಲಿ ಮೂರೇ ಪೆಟ್ಟಿಗೆಗಳ ದೀಪ: ಸರ್ವರ್, ಫೈರ್‌ವಾಲ್, ರೇಡಿಯೊ. ಹನ್ನೊಂದೂವರೆಗೆ ನೀರು ಹೊಸ್ತಿಲು ದಾಟಿ ಒಳಬಂತು. ಕುರ್ಚಿಯ ಮೇಲೆ ಟೇಬಲ್ಲು, ಟೇಬಲ್ಲಿನ ಮೇಲೆ ಯುಪಿಎಸ್. ಮೊಣಕಾಲಿನವರೆಗಿನ ಕೆಸರುನೀರಲ್ಲಿ ನಿಂತು ಇಬ್ಬರು ಟೇಬಲ್ಲನ್ನು ಹಿಡಿದಿದ್ದರು. ಯುಪಿಎಸ್ ಕೂಗತೊಡಗಿತು. 94, 97, 99. ಹನ್ನೆರಡೂಕಾಲಿಗೆ ಪೂರ್ತಿ.

ಅಷ್ಟಕ್ಕೇ ನಂಬಲಿಲ್ಲ. ಎರಡೂ ಕಡೆ ಫೈಲಿನ ಎಸ್ಎಚ್ಎ 256 ಮೊತ್ತ ತೆಗೆದು, ಕೊನೆಯ ಅಕ್ಷರಗಳನ್ನು ಫೋನಿನಲ್ಲೇ ಓದಿ ತಾಳೆ ನೋಡಿದೆವು. ಕೂಡಿತು. ಆಮೇಲೆಯೇ ಸರ್ವರ್ ಆರಿಸಿ ಹೆಗಲಿಗೇರಿಸಿದೆವು. ಮರುದಿನ ಮೂಡಲಗಿ ಶಾಖೆ ಹುಕ್ಕೇರಿಯ ಪ್ರತಿಯಿಂದಲೇ ಲೆಕ್ಕ ನೋಡಿ ಹಣ ಕೊಟ್ಟಿತು. ಬಂದವರಾರೂ ಬರಿಗೈಯಲ್ಲಿ ಹೋಗಲಿಲ್ಲ.

ಈ ರೋಗ ಹೊಸದಲ್ಲ. 2000ದಲ್ಲೇ ಆರ್‌ಎಫ್‌ಸಿ 2923 ಇದನ್ನು ಕಪ್ಪುಕುಳಿ ಎಂಬ ಹೆಸರಿನಲ್ಲಿ ಬಣ್ಣಿಸಿದೆ. ಸಂದೇಶ ಬಾರದಿದ್ದರೂ ತಾನೇ ಅಳತೆ ಹುಡುಕುವ ಉಪಾಯವನ್ನು 2007ರ ಆರ್‌ಎಫ್‌ಸಿ 4821 ಕೊಟ್ಟಿದೆ. ಆದರೂ ಬ್ಯಾಂಕು, ಆಸ್ಪತ್ರೆ, ಸೊಸೈಟಿ, ಸಕ್ಕರೆ ಕಾರ್ಖಾನೆ ಎಲ್ಲೆಡೆ ಐಸಿಎಂಪಿಯನ್ನು ಸಾರಾಸಗಟಾಗಿ ಮುಚ್ಚುವ ಚಾಳಿ ನಿಂತಿಲ್ಲ.

ಫೈರ್‌ವಾಲ್ ಕಾಯುವ ಗೆಳೆಯರೇ, ಕೈಮುಗಿದು ಕೇಳುತ್ತೇನೆ. ಮಳೆಗಾಲಕ್ಕೆ ಮೊದಲು ಒಂದು ದಿನ ಮುಖ್ಯ ಲೈನನ್ನು ನೀವೇ ಕಿತ್ತು, ಬದಲಿ ಲೈನಿನಲ್ಲಿ ದೊಡ್ಡ ಫೈಲೊಂದನ್ನು ಕಳಿಸಿ ನೋಡಿ. ಬರೀ ಪಿಂಗ್ ಬಂತೆಂದು ನೆಚ್ಚಬೇಡಿ. ಮಾದರಿ 3, ಸಂಕೇತ 4 ಒಳಬರಲು ಬಿಡಿ, ಎಂಎಸ್ಎಸ್ ಬಿಗಿಯಿರಿ. ಹತ್ತು ನಿಮಿಷದ ಕೆಲಸ. ಇವತ್ತೇ ಮಾಡಿ.