ರನ್ನ ಬರಿಯ 'ರನ್' ಆಗದಿರಲಿ

ಮುಧೋಳದ ಬಳಿಯ ರನ್ನ ಬೆಳಗಲಿ, ಹತ್ತನೆಯ ಶತಮಾನದ ಕವಿಯ ಹೆಸರು ಹೊತ್ತ ಊರು. ಇಂಥ ಹೆಸರುಗಳನ್ನು ವೆಬ್ ಪುಟಕ್ಕೆ ಏರಿಸುವ ತರುಣರು ಒಂದು ಲೆಕ್ಕ ತಿಳಿದಿರಬೇಕು. 'ರನ್ನ' ಎಂಬಲ್ಲಿ ಕಣ್ಣಿಗೆ ಕಾಣುವುದು ಎರಡೇ ಅಕ್ಷರ. ಜಾವಾಸ್ಕ್ರಿಪ್ಟ್ ಎಣಿಸಿದರೆ ನಾಲ್ಕು: ರ, ನ, ಅರ್ಧಾಕ್ಷರದ ಚಿಹ್ನೆ, ಮತ್ತೆ ನ. ಜಾಗ ಸಾಲದೆಂದು ಮೂರಕ್ಕೆ ಕತ್ತರಿಸಿದರೆ ಉಳಿಯುವುದು 'ರನ್'. ಗದಾಯುದ್ಧದ ಕವಿ ಕ್ರಿಕೆಟ್ಟಿಗೆ ಸೇರಿಹೋದ!

ನಗುವ ಮಾತಲ್ಲ. ಅರ್ಜಿಯಲ್ಲಿ ಮೊಟಕಾದ ಹೆಸರು ಬೇರೆ ದಾಖಲೆಗೆ ಹೊಂದದಿದ್ದರೆ ಅಲೆದಾಟ ಬಡವರದೇ. ಆದ್ದರಿಂದ ಹೆಸರಿನ ಖಾನೆಯನ್ನು ಕಣ್ಣಳತೆಯಲ್ಲಿ ಬಿಗಿಯಬೇಡಿ. ಪುಟದ ತಲೆಯಲ್ಲಿ ಯುಟಿಎಫ್-8 ಎಂದು ಬರೆಯಿರಿ, ಭಾಷೆ ಕನ್ನಡವೆಂದು ಸೂಚಿಸಿ. ಸಾಲಿನ ಎತ್ತರ ಅಕ್ಷರದ ಗಾತ್ರದ 1.6 ಪಟ್ಟಾದರೂ ಇರಲಿ; ಒತ್ತಕ್ಷರಕ್ಕೂ ಕಾಲು ಚಾಚಲು ಜಾಗ ಬೇಕಲ್ಲವೆ?