ನಿಂತೆಸೆಯುವುದೋ, ಹಾರಿ ಎಸೆಯುವುದೋ?

ಬಾಸ್ಕೆಟ್‌ಬಾಲ್ ಆಟದ ಬುಟ್ಟಿಯು 10 ಅಡಿ ಎತ್ತರದಲ್ಲಿರುವುದನ್ನು ಕಂಡು, ಗಿಡ್ಡ ಹುಡುಗಿಯರು ಈ ಆಟವು ತಮಗೆ ತಕ್ಕದ್ದಲ್ಲವೆಂದು ಹಿಂಜರಿಯುವುದುಂಟು. ಅಂಥವರಿಗೆ ನಾವು ಅಮೇರಿಕದ ವಾಯೋಮಿಂಗ್ ಸಂಸ್ಥಾನದ ಕೆನ್ನಿ ಸೇಲರ್ಸನ ವೃತ್ತಾಂತವನ್ನು ಹೇಳುತ್ತೇವೆ. 1934ರಲ್ಲಿ, ಆರಡಿಗೂ ಮಿಕ್ಕ ಎತ್ತರದ ಅಣ್ಣನ ಕೈಗಳು ಅಡ್ಡಬರಲಾಗಿ, 13 ವರುಷದ ಆ ಬಾಲಕನು ಮೇಲಕ್ಕೆ ಹಾರಿ ಚೆಂಡನ್ನೆಸೆದನು. 1943ರಲ್ಲಿ ಅವನಿದ್ದ ವಿಶ್ವವಿದ್ಯಾನಿಲಯದ ತಂಡವು ಆ ದೇಶದ ಕಾಲೇಜು ಪಂದ್ಯಗಳಲ್ಲಿ ಪ್ರಥಮಸ್ಥಾನವನ್ನು ಪಡೆಯಿತು. ಹಾರಿಕೆಯು ಗಿಡ್ಡವರ ಉಪಾಯವೇ ಸರಿ.

ಆದರೂ ಯಾರ ಅಡ್ಡಿಯೂ ಇಲ್ಲದ ಫ್ರೀ ಥ್ರೋವಿನಲ್ಲಿ ಪಾದಗಳನ್ನು ನೆಲಕ್ಕೂರಿ ಎಸೆಯುವುದೇ ನಮಗೆ ಮೆಚ್ಚಿಕೆ. ಎದುರಾಳಿಯು ಅಡ್ಡಗಟ್ಟಿದಾಗ ಮಾತ್ರ ನೆಟ್ಟಗೆ ಹಾರಿ, ಮೊಣಕೈಯನ್ನು ಚೆಂಡಿನ ಕೆಳಗಿರಿಸಿ, ಹಾರಿಕೆಯ ತುದಿಯಲ್ಲಿ ಮಣಿಕಟ್ಟನ್ನು ಬಾಗಿಸಿ ಚೆಂಡನ್ನು ಬಿಡುವುದು ಲೇಸು. ಆದಕಾರಣ ತಾಯಿತಂದೆಗಳೇ, ಮಗಳ ಎತ್ತರವನ್ನು ಅಳೆಯುವ ಮೊದಲು ಅವಳ ಕೈಗೆ ಚೆಂಡನ್ನು ಕೊಡಿರಿ.