ಅಗುಳಿಯೂ ಗುಂಡಿಯೂ

ತೀರ್ಥಹಳ್ಳಿ ಕಡೆಯ ಒಂಟಿ ಮನೆಗಳಲ್ಲಿ ಹಿಂದೆ ಕಾವಲು ಎಂದರೆ ನಾಯಿ. ಅಪರಿಚಿತರಿಗೆ ಒಂದು ಬೊಗಳು, ಹಾವಿಗೆ ಇನ್ನೊಂದು, ಕಾಡುಹಂದಿಗೆ ಮತ್ತೊಂದು. ಒಳಗಿದ್ದವರಿಗೆ ಕೇಳಿದ ಕೂಡಲೇ ಅರ್ಥವಾಗುತ್ತಿತ್ತು. ಅಪ್ಪ ತೀರಿಕೊಂಡ ಮೇಲೆ ಅಂಥದೊಂದು ಮನೆಯಲ್ಲಿ ಎಂಬತ್ತು ದಾಟಿದ ಅಮ್ಮ ಒಬ್ಬಳೇ ಉಳಿದಳು. ನನ್ನ ಜೊತೆ ಬಂದಿರು ಎಂದರೆ "ಅಡಿಕೆ ಕೊಯ್ಲು ಮುಗೀಲಿ" ಎನ್ನುತ್ತಾಳೆ. ಕೊಯ್ಲು ಮುಗಿದರೆ ಮಾವಿನ ಮಿಡಿಯ ಕಾಲ.

ಬೆಂಗಳೂರಿನಲ್ಲಿ ತಮ್ಮನಿಗೆ ನಿದ್ದೆ ಬಾರದು. 2021ರಲ್ಲಿ ಅವನು ಎರಡು ಯಂತ್ರ ತಂದು ಕೂರಿಸಿದ. ಒಂದು ಬಾಗಿಲಿನ ಸೈರನ್. ಬಾಗಿಲಿಗೊಂದು ಅಯಸ್ಕಾಂತ, ಚೌಕಟ್ಟಿಗೊಂದು ಸ್ವಿಚ್ಚು. ಎರಡೂ ಅಗಲಿದರೆ ಕೂಗು. (ವಿಜ್ಞಾನದ ಪಾಠಕ್ಕೆ ಒಳ್ಳೆಯ ಉದಾಹರಣೆಯಾಯಿತು ಎನ್ನಿಸಿದ್ದು ನನ್ನ ಉದ್ಯೋಗದ ಚಟ.) ಇನ್ನೊಂದು ಕೊರಳಿಗೆ ಹಾಕಿಕೊಳ್ಳುವ ಗುಂಡಿ. ಒತ್ತಿದರೆ ಮನೆಯೊಳಗಿನ ಪೆಟ್ಟಿಗೆಗೆ ರೇಡಿಯೋ ಸಂಕೇತ ಹೋಗುತ್ತದೆ. ಪೆಟ್ಟಿಗೆಯಲ್ಲಿ ಸಿಮ್ ಇದೆ, ಅದು ತಮ್ಮನಿಗೆ, ನನಗೆ, ಪಕ್ಕದ ಮನೆಯವರಿಗೆ ಸಾಲಾಗಿ ಕರೆ ಮಾಡುತ್ತದೆ. ಕರೆಂಟು ಹೋದರೆ ಬ್ಯಾಟರಿ ಉಂಟು. ನಮ್ಮ ಮಳೆಗೆ ಟವರೇ ಮಲಗಿದರೆ ಮಾತ್ರ ಮದ್ದಿಲ್ಲ.

ಅಮ್ಮ ಸೈರನ್ನನ್ನು ಒಪ್ಪಿದಳು. ತನ್ನ ಮೂರು ಅಗುಳಿಗಳನ್ನೂ ಬಿಡಲಿಲ್ಲ. ಗುಂಡಿಯನ್ನು ಅಂಗೈಯಲ್ಲಿಟ್ಟು ತಿರುಗಿಸಿ ನೋಡಿ, "ನಿಮ್ಮಪ್ಪ ಹೋದ ಮೇಲೆ ಕೊರಳಿಗೆ ಏನೂ ಹಾಕ್ಕೊಂಡಿಲ್ಲ ಕಣೇ. ಇದೆಂಥದು ಹೊಸ ತಾಳಿ?" ಎಂದಳು. ತಮ್ಮ ನಕ್ಕ. ನನಗೆ ನಗು ಬರಲಿಲ್ಲ. ಗುಂಡಿ ದೇವರ ಗೂಡಿನ ಪಕ್ಕದ ಮೊಳೆ ಸೇರಿತು.

2022ರ ಆಷಾಢದ ಒಂದು ಬೆಳಗಿನ ಜಾವ ಅಮ್ಮ ಬಚ್ಚಲುಮನೆಯಲ್ಲಿ ಜಾರಿ ಬಿದ್ದಳು. ನೀರು ತಾಗಿದರೂ ಕೆಡದ ಗುಂಡಿ ಅದು, ಮೊಳೆಯಲ್ಲೇ ನೇತಾಡುತ್ತಿತ್ತು. ಏಳಲಾಗದ ಅಮ್ಮ ಬಿದ್ದಲ್ಲಿಂದಲೇ ತಾಮ್ರದ ತಂಬಿಗೆಯನ್ನು ಕಲ್ಲಿಗೆ ಕುಟ್ಟತೊಡಗಿದಳು. ಎಷ್ಟು ಹೊತ್ತು ಕುಟ್ಟಿದಳೋ, ಕೇಳಿದರೆ ಇಂದಿಗೂ ಹೇಳುವುದಿಲ್ಲ. ಮಳೆ ಸ್ವಲ್ಪ ಹೊಳವಾದಾಗ ಪಕ್ಕದ ಮನೆಯ ಹುಡುಗನಿಗೆ ಆ ಸದ್ದು ಕೇಳಿತು.

ಓಡಿಬಂದರೆ ಹಲಸಿನ ಮರದ ಬಾಗಿಲು, ಒಳಗೆ ಮೂರು ಅಗುಳಿ. ಬಂದವನು ಕಳ್ಳನೋ ನೆರೆಯವನೋ ಅಗುಳಿಗೇನು ಗೊತ್ತು? ಕೊನೆಗೆ ಹುಡುಗನೂ ಅವನ ಅಪ್ಪನೂ ಏಣಿಯಿಟ್ಟು, ಬಚ್ಚಲಿನ ಮಾಡಿನ ಹಂಚು ತೆಗೆದು, ಥೇಟು ಕಳ್ಳರಂತೆ ಒಳಗಿಳಿದರು. ಒಳಗಿನಿಂದ ಬಾಗಿಲು ತೆರೆದದ್ದೇ ತಡ, ಸೈರನ್ ಕಾಡೆಲ್ಲ ಕೇಳುವಂತೆ ಕೂಗಿತು. ಅಂದು ಅದು ಮಾಡಿದ ಕೆಲಸ ಅದೊಂದೇ. 108ಕ್ಕೆ ಫೋನು ಮಾಡಿದವನೂ ಆ ಹುಡುಗನೇ. ಸೊಂಟದ ಕೀಲಿನ ಮೂಳೆ ಮುರಿದಿತ್ತು. ಶಸ್ತ್ರಚಿಕಿತ್ಸೆಯಾಗಿ, ಮೂರು ತಿಂಗಳು ನನ್ನ ಮನೆಯಲ್ಲಿದ್ದು, ವಾಕರ್ ಹಿಡಿದು ಮತ್ತೆ ತನ್ನ ಮನೆಗೇ ಹೋದಳು.

ಅವಳು ಹೋಗುವ ಮೊದಲೇ ನಾವು ಅಗುಳಿಗಳನ್ನು ಬಿಚ್ಚಿಸಿ, ಹೊರಗಿನಿಂದಲೂ ತೆರೆಯಬಹುದಾದ ಬೀಗ ಹಾಕಿಸಿದ್ದೆವು. ಇನ್ನೊಂದು ಕೀಲಿಕೈ ಯಾರ ಬಳಿ ಇದೆಯೆಂದು ಇಲ್ಲಿ ಬರೆಯಲಾರೆ. ಬಚ್ಚಲಿನ ಗೋಡೆಗೆ ಹಿಡಿಕೆ ಬಂತು, ಚಿಲಕ ಹೋಯಿತು. 2017ರಿಂದ ಮಾರಾಟವಾಗುವ ಸಾದಾ ಮೊಬೈಲುಗಳಲ್ಲಿ 5 ಅಥವಾ 9ನ್ನು ಒತ್ತಿ ಹಿಡಿದರೆ ತುರ್ತು ಕರೆ ಹೋಗಬೇಕೆಂಬ ನಿಯಮವಿದೆ, ಅದನ್ನೂ ಕಲಿಸಿದೆ. ದಿನಾ ಬೆಳಿಗ್ಗೆ ಆರೂವರೆಗೆ ಫೋನಿನಲ್ಲಿ ಹಾಜರಿ. "ಬದುಕಿದ್ದೀನಿ, ಟೀಚರಮ್ಮ" ಎನ್ನುತ್ತಾಳೆ.

ಗುಂಡಿ ಈಗಲೂ ಕೊರಳಿಗೇರಿಲ್ಲ. ಎಲೆಅಡಿಕೆ ಸಂಚಿಯ ದಾರಕ್ಕೆ ಕಟ್ಟಿಕೊಂಡಿದ್ದಾಳೆ. ಸಂಚಿ ಬಿಟ್ಟು ಅವಳು ಎಲ್ಲೂ ಹೋಗುವವಳಲ್ಲ. ಬಚ್ಚಲಿಗೂ ಒಯ್ಯುತ್ತೀಯಾ ಎಂದು ಕೇಳಿದೆ.

"ಮತ್ತೆ? ಪ್ರತಿ ಸಲ ಹಂಚು ಹೊದಿಸೋಕೆ ನಿನ್ನ ತಮ್ಮ ದುಡ್ಡು ಕೊಡ್ತಾನಾ?" ಎಂದಳು.